ರೋಮಿನ ಗೋಮಾಳ: ಕ್ಲೋದ್ ಲೊರೇನ್ ಕಂಡ ‘ಕಾಂಪೊ ವಚ್ಚಿನೊ’

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ ‘ಕಾಂಪೊ ವಚ್ಚಿನೊದ ನೋಟ’ ಎಂಬ ತೈಲವರ್ಣಚಿತ್ರ 56 ಸೆಂಟಿಮೀಟರ್ ಎತ್ತರದ, 72 ಸೆಂಟಿಮೀಟರ್ ಅಗಲದ ಕೃತಿ. ಗೋಡೆಯ ಮೇಲೆ ಅದು ಬೇಡುವ ಜಾಗ ಬಹಳ ಕಡಿಮೆ. ಕ್ಲೋದ್ ಲೊರೇನ್ ಎಂದು ಹೆಸರಾದ ಕ್ಲೋದ್ ಜೆಲೆ ಅದನ್ನು 1636ರ ಸುಮಾರಿಗೆ ರೋಮಿನಲ್ಲಿ ರಚಿಸಿದನು. ಪ್ರಾಚೀನ ರೋಮನ್ನರ ನ್ಯಾಯ, ರಾಜಕಾರಣ, ವ್ಯಾಪಾರ, ಪೂಜೆಗಳೆಲ್ಲ ಒಂದೆಡೆ ನಡೆಯುತ್ತಿದ್ದ ಫೋರಂ ಎಂಬ ಮಹಾ ಚೌಕವೇ ಚಿತ್ರದ ವಸ್ತುವಾದರೂ, ಅದರಲ್ಲಿ ನೋಡುಗನನ್ನು ಎದುರುಗೊಳ್ಳುವವರು ಅರ್ಧ ಹೂತುಹೋದ ಕಮಾನು ಕಂಬಗಳ ನಡುವೆ ಮಾತಿಗೆ ನಿಂತ ಜನ, ಬಿದ್ದ ಕಲ್ಲುಗಳ ಮೇಲೆ ಕುಳಿತು ದಣಿವಾರಿಸಿಕೊಳ್ಳುವವರು ಮತ್ತು ಅವರಾಚೆಗೆ ಬಯಲಿನಲ್ಲಿ ಚದುರಿದ ದನಗಳು. ಸೀಸರನೂ ಸಿಸೆರೋನೂ ಓಡಾಡಿದ ನೆಲವನ್ನು ಆ ಕಾಲದ ರೋಮಿನ ಜನ ‘ಕಾಂಪೊ ವಚ್ಚಿನೊ’, ಎಂದರೆ ದನಗಳ ಬಯಲು, ಎಂದೇ ಕರೆಯುತ್ತಿದ್ದರು. ಚಿತ್ರಕಾರನೂ ತನ್ನ ಕೃತಿಯಲ್ಲಿ ಆ ಹೆಸರಿಗೆ ಪೂರ್ತಿ ನಿಷ್ಠನಾಗಿ ಉಳಿದಿದ್ದಾನೆ.

ಯುರೋಪಿನ ಕಲಾಚರಿತ್ರೆಯಲ್ಲಿ ಸ್ಥೂಲವಾಗಿ 17ನೆಯ ಶತಮಾನವನ್ನು ಆವರಿಸುವ, ಚಲನೆ, ಬೆಳಕು ನೆರಳಿನ ತೀವ್ರತೆ ಮತ್ತು ಭಾವೋತ್ಕರ್ಷಗಳನ್ನು ಪ್ರಧಾನವಾಗಿ ಉಳ್ಳ ಶೈಲಿಗೆ ಬರೊಕ್ ಎಂಬ ಹೆಸರಿದೆ. ಬರೊಕ್ ಎಂದೊಡನೆ ಚಿನ್ನದ ಲೇಪದ ಚರ್ಚುಗಳು, ಮುಗಿಲಿಗೇರುವ ಸಂತರು, ಬರ್ನಿನಿಯ ಶಿಲ್ಪಗಳು ನೆನಪಿಗೆ ಬರುವುದು ಸಹಜವಾದರೂ, ಅದೇ ನಗರದ ಅದೇ ದಶಕಗಳಲ್ಲಿ ಪಾಳುಬಿದ್ದ ಕಟ್ಟಡಗಳ ನಡುವಿನ ದಿನನಿತ್ಯದ ಬದುಕನ್ನು ಚಿಕ್ಕ ಚಿಕ್ಕ ಚಿತ್ರಪಟಗಳಲ್ಲಿ ದಾಖಲಿಸಿದ ಇನ್ನೊಂದು ಬರೊಕ್ ಕೂಡ ಬೆಳೆಯಿತು. ಕ್ಲೋದನ ಚಿತ್ರ ಆ ಎರಡನೆಯ ಧಾರೆಯ ಅತ್ಯಂತ ಪರಿಪಕ್ವ ಫಲಗಳಲ್ಲಿ ಒಂದು. ಅದರ ಮಹತ್ವ ಚೆಲುವಿನಲ್ಲಿ ಮಾತ್ರವಿಲ್ಲ: ಅವಶೇಷವೆಂಬುದು ಇನ್ನೂ ಬದುಕಿನಿಂದ ಬೇರೆಯಾಗಿರದ, ಬೇಲಿಯೊಳಗಿನ ಪ್ರದರ್ಶನವಾಗಿರದ ಒಂದು ಕಾಲಘಟ್ಟವನ್ನು ಅದು ಯಾವ ವಿಷಾದವನ್ನೂ ಲೇಪಿಸದೆ ಹಿಡಿದಿಟ್ಟಿದೆ. ಆ ಸ್ಥಿತಿ ಇಂದು ಸಂಪೂರ್ಣವಾಗಿ ಇಲ್ಲವಾಗಿರುವುದರಿಂದ, ಚಿತ್ರವನ್ನು ಕಲಾಕೃತಿಯಾಗಿ ನೋಡುವಷ್ಟೇ ಎಚ್ಚರದಿಂದ ಸಾಕ್ಷ್ಯವಾಗಿಯೂ ನೋಡಬೇಕಾಗುತ್ತದೆ.

ಫೋರಂ ದನದ ಬಯಲಾದ ಬಗೆಯನ್ನು ಮೊದಲು ತಿಳಿಯಬೇಕು. ಕ್ಯಾಪಿಟೊಲೈನ್ ಮತ್ತು ಪ್ಯಾಲಟೈನ್ ಬೆಟ್ಟಗಳ ನಡುವಿನ ತಗ್ಗು ಮೂಲತಃ ಜೌಗು ನೆಲವಾಗಿತ್ತು. ಕ್ಲೊಆಕಾ ಮ್ಯಾಕ್ಸಿಮಾ ಎಂಬ ಮಹಾಚರಂಡಿಯ ಮೂಲಕ ಅಲ್ಲಿನ ನೀರನ್ನು ಟೈಬರ್ ನದಿಗೆ ಹರಿಸಿದ ಮೇಲೆಯೇ ಅಲ್ಲಿ ಚೌಕವೊಂದು ಸಾಧ್ಯವಾಯಿತು. ಸಾಮ್ರಾಜ್ಯ ಕುಸಿದು, ಹತ್ತು ಲಕ್ಷದ ಆಸುಪಾಸಿನಲ್ಲಿದ್ದ ನಗರದ ಜನಸಂಖ್ಯೆ ಕೆಲವು ಹತ್ತು ಸಾವಿರಗಳ ಎಣಿಕೆಗೆ ಇಳಿದಾಗ ಚರಂಡಿಯನ್ನು ಶುಚಿಗೊಳಿಸುವ ಕೈಗಳು ಇಲ್ಲವಾದವು. ಬೆಟ್ಟಗಳಿಂದ ಜಾರಿದ ಮಣ್ಣು, ನದಿಯ ನೆರೆ ತಂದ ಹೂಳು, ಕುಸಿದ ಗೋಡೆಗಳ ಇಟ್ಟಿಗೆ, ಆಮೇಲೆ ಮಧ್ಯಯುಗದ ಶ್ರೀಮಂತ ಮನೆತನಗಳು ಕಟ್ಟಿಕೊಂಡು ಕೆಡವಿದ ಕಾವಲು ಗೋಪುರಗಳ ಕಸ, ಇವೆಲ್ಲ ಶತಮಾನಗಳುದ್ದಕ್ಕೂ ಒಂದರ ಮೇಲೊಂದು ಕೂಡಿಕೊಂಡು ಪುರಾತನ ನೆಲಹಾಸು ಹಲವು ಮೀಟರ್ ಆಳದಲ್ಲಿ ಹೂತುಹೋಯಿತು. ನಗರದ ಹಳೆಯ ಕೋಟೆಗೋಡೆ ಮಾತ್ರ ತನ್ನ ಚಕ್ರವರ್ತಿಕಾಲದ ವಿಸ್ತಾರದಲ್ಲೇ ಉಳಿದಿದ್ದುದರಿಂದ, ಗೋಡೆಯೊಳಗಿನ ಬಹುಭಾಗ ದ್ರಾಕ್ಷಿತೋಟವೂ ಹುಲ್ಲುಗಾವಲೂ ಆಯಿತು. ಈ ಜನವಸತಿಯಿಲ್ಲದ ಒಳನಾಡಿಗೆ ರೋಮಿನವರು ‘ದಿಸಾಬಿತಾತೊ’ ಎನ್ನುತ್ತಿದ್ದರು. ಕ್ಲೋದನ ಕಾಲಕ್ಕೆ ನಗರದ ಜನಸಂಖ್ಯೆ ಮತ್ತೆ ಒಂದು ಲಕ್ಷದ ಸುಮಾರಿಗೆ ಏರಿತ್ತಾದರೂ ಫೋರಂ ಪ್ರದೇಶ ಆ ಒಳನಾಡಿನ ಅಂಚಿನಲ್ಲೇ ಉಳಿದಿತ್ತು.

ಮಣ್ಣು ಮುಚ್ಚಿದ್ದು ಒಂದು ಬಗೆಯಲ್ಲಿ ರಕ್ಷಣೆಯಾಗಿತ್ತು ಎನ್ನಬೇಕು, ಏಕೆಂದರೆ ಮಣ್ಣಿನ ಮೇಲೆ ಉಳಿದದ್ದಕ್ಕೆ ಮನುಷ್ಯನಿಂದ ರಕ್ಷಣೆ ಇರಲಿಲ್ಲ. ಅಮೃತಶಿಲೆಯನ್ನು ಸುಟ್ಟರೆ ಉತ್ತಮ ಸುಣ್ಣವಾಗುತ್ತದೆ. ಕಟ್ಟಡದ ಗಾರೆಗೆ ಬೇಕಾದ ಆ ಸುಣ್ಣಕ್ಕಾಗಿ ಫೋರಂನ ಒಳಗೇ ಸುಣ್ಣದ ಭಟ್ಟಿಗಳು ಉರಿಯುತ್ತಿದ್ದವು, ದೇವಾಲಯಗಳ ತೊಲೆಗಳೂ ಪ್ರತಿಮೆಗಳೂ ಅವುಗಳೊಳಗೆ ಹೋದವು. ಹೊಸ ರೋಮ್ ಹಳೆಯ ಅಮೃತಶಿಲೆಯ ಸುಣ್ಣದಿಂದಲೇ ಎದ್ದಿದೆ ಎಂದು ರಾಫೇಲ್ 1519ರ ಸುಮಾರಿಗೆ ಪೋಪ್ ಹತ್ತನೆಯ ಲಿಯೊಗೆ ಬರೆದ ಪತ್ರದಲ್ಲಿ ನೊಂದುಕೊಂಡಿದ್ದನು. ಅದರಿಂದ ಹೆಚ್ಚೇನೂ ಬದಲಾಗಲಿಲ್ಲ. 1540ರಲ್ಲಿ ಪೋಪ್ ಮೂರನೆಯ ಪೌಲ್, ಸಂತ ಪೀಟರನ ಮಹಾಚರ್ಚಿನ ನಿರ್ಮಾಣ ಸಂಸ್ಥೆಗೆ ಇಲ್ಲಿಂದ ಕಲ್ಲು ತೆಗೆಯುವ ಅಧಿಕಾರವನ್ನೇ ಕೊಟ್ಟನು. ಅದಕ್ಕೆ ನಾಲ್ಕು ವರ್ಷ ಮೊದಲು, 1536ರಲ್ಲಿ, ಚಕ್ರವರ್ತಿ ಐದನೆಯ ಚಾರ್ಲ್ಸ್ ವಿಜಯೋತ್ಸವದಲ್ಲಿ ನಗರವನ್ನು ಪ್ರವೇಶಿಸುವಾಗ ಪುರಾತನ ವಿಜಯಕಮಾನುಗಳ ಕೆಳಗೇ ಹಾದು ಬರಲೆಂದು ಇದೇ ಪೋಪ್ ಫೋರಂನಲ್ಲಿದ್ದ ಮನೆಗಳನ್ನೂ ಕೆಲವು ಚರ್ಚುಗಳನ್ನೂ ಕೆಡವಿಸಿ ದಾರಿ ಮಾಡಿಸಿದ್ದನು. ಒಂದು ಮೆರವಣಿಗೆಗಾಗಿ ಬಯಲಾದ ಆ ನೆಲವೇ ಮುಂದೆ ನಗರದ ದನದ ಸಂತೆಗೆ ಅನುಕೂಲವಾದ ಮಾಳವಾಯಿತು. 1593ರಲ್ಲಿ ಅಲ್ಲಿ ಪುರಾತನ ಕಾಲದ ದೊಡ್ಡದೊಂದು ಗ್ರಾನೈಟ್ ಬೋಗುಣಿಯನ್ನು ನಿಲ್ಲಿಸಿ ಅದಕ್ಕೆ ನೀರು ಬಿಡಲಾಯಿತು. ಕ್ಯಾಸ್ಟರ್ ಮತ್ತು ಪೊಲಕ್ಸ್ ದೇವಾಲಯದಿಂದ ಉಳಿದ ಮೂರು ಕಂಬಗಳ ಎದುರಿನಲ್ಲಿದ್ದ ಅದು ಎರಡು ಶತಮಾನಗಳಿಗೂ ಹೆಚ್ಚು ಕಾಲ ದನಗಳು ನೀರು ಕುಡಿಯುವ ಬಾನಿಯಾಗಿ ಬಳಕೆಯಲ್ಲಿತ್ತು.

ಕ್ಲೋದ್ ತನ್ನ ನೋಟವನ್ನು ಕ್ಯಾಪಿಟೊಲೈನ್ ಬೆಟ್ಟದ ಬುಡದಿಂದ, ಆಗ್ನೇಯ ದಿಕ್ಕಿಗೆ ಮುಖಮಾಡಿ ಜೋಡಿಸಿದ್ದಾನೆ. ಎಡಗಡೆ ಎದ್ದು ಕಾಣುವುದು ಕ್ರಿ.ಶ. 203ರಲ್ಲಿ ಕಟ್ಟಿದ ಸೆಪ್ಟಿಮಿಯಸ್ ಸೆವೆರಸ್ ಚಕ್ರವರ್ತಿಯ ವಿಜಯಕಮಾನು. ನಿಜದಲ್ಲಿ ಅದರ ಎತ್ತರ 20 ಮೀಟರಿಗೂ ಹೆಚ್ಚು. ಚಿತ್ರದಲ್ಲಿ ಅದರ ಕೆಳಭಾಗ ಮಣ್ಣಿನೊಳಗಿದ್ದು, ಇಕ್ಕೆಲದ ಚಿಕ್ಕ ಕಮಾನುಗಳು ತಲೆ ಬಗ್ಗಿಸಿ ನುಗ್ಗಬೇಕಾದಷ್ಟು ಗಿಡ್ಡವಾಗಿವೆ. ಅಲ್ಲಿಂದ ಮುಂದೆ ಕಣ್ಣು ಹಾಯಿಸಿದರೆ ಆಂಟೊನೈನಸ್ ಮತ್ತು ಫೌಸ್ಟೀನಾ ದಂಪತಿಯ ದೇವಾಲಯ, ಮ್ಯಾಕ್ಸೆಂಟಿಯಸ್ಸನ ಸಭಾಮಂದಿರದ ಕಡೆಯ ಕಟ್ಟಡಗಳ ಸಾಲು, ಸಾಂತಾ ಫ್ರಾಂಚೆಸ್ಕಾ ರೊಮಾನಾ ಚರ್ಚಿನ ಘಂಟಾಗೋಪುರ, ಅದರ ಹಿಂದೆ ಬಿಸಿಲಮಬ್ಬಿನಲ್ಲಿ ಕರಗುತ್ತಿರುವ ಕೊಲೊಸಿಯಂ ಒಂದಾದ ಮೇಲೊಂದರಂತೆ ಕಾಣಸಿಗುತ್ತವೆ. ದೂರದಲ್ಲಿ ಟೈಟಸ್ಸನ ಕಮಾನು. ಬಲಗಡೆಗೆ ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಅವಳಿ ದೇವತೆಗಳ ಗುಡಿಯಿಂದ ಉಳಿದ ಮೂರು ಕಂಬಗಳು, ಅವುಗಳ ಹಿಂದೆ ಪ್ಯಾಲಟೈನ್ ಬೆಟ್ಟದ ಮೇಲೆ ಫಾರ್ನೀಸೆ ಮನೆತನದವರು ಬೆಳೆಸಿದ ಉದ್ಯಾನ.

ಈ ಹೆಸರುಗಳಲ್ಲಿ ಎಷ್ಟೋ ಕ್ಲೋದನಿಗಾಗಲಿ ಅವನ ಸಮಕಾಲೀನರಿಗಾಗಲಿ ತಿಳಿದಿರಲಿಲ್ಲ. ಮ್ಯಾಕ್ಸೆಂಟಿಯಸ್ಸನ ಸಭಾಮಂದಿರವನ್ನು ಅವರು ಶಾಂತಿದೇವಿಯ ಗುಡಿ ಎಂದು ನಂಬಿದ್ದರು. ಅವಳಿಗಳ ಗುಡಿಯ ಮೂರು ಕಂಬಗಳು ಜೂಪಿಟರ್ ಸ್ಟೇಟರನವೆಂದು ಪ್ರತೀತಿಯಿತ್ತು. ಬೆಟ್ಟದ ಬುಡದಲ್ಲೇ ಇದ್ದ ಸ್ಯಾಟರ್ನನ ದೇವಾಲಯ ಕಾಂಕಾರ್ಡ್ ದೇವಿಯದೆಂದು ಕರೆಸಿಕೊಳ್ಳುತ್ತಿತ್ತು, ಅದರ ಪಕ್ಕದ ವೆಸ್ಪೇಸಿಯನ್ನನ ಗುಡಿಯ ಕಂಬಗಳಲ್ಲಿ ನೆಲದ ಮೇಲೆ ಕಾಣುತ್ತಿದ್ದುದು ಬೋದಿಗೆಗಳೂ ಅವುಗಳ ಕೆಳಗಿನ ತುಸು ಭಾಗವೂ ಮಾತ್ರ. ಶಾಸನ ಓದಿ, ಪಾಯ ಅಗೆದು, ಗ್ರಂಥಗಳೊಡನೆ ತಾಳೆನೋಡುವ ಶಾಸ್ತ್ರ ಇನ್ನೂ ಬಾಲ್ಯದಲ್ಲಿತ್ತು. ಆದ್ದರಿಂದ ಚಿತ್ರದೊಳಗಿನ ಜನರಿಗೆ ಈ ಕಂಬಗಳು ಹೆಸರಿಗಿಂತ ಹೆಚ್ಚಾಗಿ ನೆರಳು, ಒರಗು, ಗುರುತು. ಹಾಗೆಂದು ಅವರು ಅಜ್ಞಾನದಲ್ಲಿದ್ದರೆಂದು ಮರುಕಪಡುವುದು ತಪ್ಪಾಗುತ್ತದೆ. ತಲೆಮಾರುಗಳಿಂದ ಬಳಸುತ್ತ ಬಂದ ಕಟ್ಟಡದೊಡನೆ ಜನ ಬೆಳೆಸಿಕೊಳ್ಳುವ ಪರಿಚಯ ಬೇರೆ ಬಗೆಯದು, ಅದನ್ನು ಶಾಸನಜ್ಞಾನದ ಅಳತೆಗೋಲಿನಿಂದ ಅಳೆಯಲಾಗದು.

ಈ ಬಳಕೆಯ ಪರಿಚಯಕ್ಕೆ ಆಂಟೊನೈನಸ್ ಮತ್ತು ಫೌಸ್ಟೀನಾರ ದೇವಾಲಯಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಕ್ರಿ.ಶ. 141ರಲ್ಲಿ ಚಕ್ರವರ್ತಿ ತನ್ನ ಅಗಲಿದ ರಾಣಿಗಾಗಿ ಆರಂಭಿಸಿದ ಈ ಗುಡಿ ಮಧ್ಯಯುಗದಲ್ಲಿ ಸಾನ್ ಲೊರೆನ್ಸೊ ಇನ್ ಮಿರಾಂದಾ ಎಂಬ ಚರ್ಚಾಯಿತು. 15ನೆಯ ಶತಮಾನದಲ್ಲಿ ಪೋಪ್ ಐದನೆಯ ಮಾರ್ಟಿನ್ ಅದನ್ನು ಔಷಧಿ ವ್ಯಾಪಾರಿಗಳ ಸಂಘಕ್ಕೆ ಒಪ್ಪಿಸಿದನು. 1602ರಲ್ಲಿ ಚರ್ಚಿನ ಮುಖಭಾಗವನ್ನು ಹೊಸದಾಗಿ ಕಟ್ಟುವಾಗ ಬಾಗಿಲನ್ನು ಆಗಿನ ನೆಲಮಟ್ಟಕ್ಕೆ ಸರಿಯಾಗಿ ಇರಿಸಲಾಯಿತು. ಕ್ಲೋದ್ ನೋಡಿದ್ದು ಆ ಸ್ಥಿತಿಯನ್ನೇ: ಜನ ಬಯಲಿನಿಂದ ನೇರವಾಗಿ ಚರ್ಚಿನೊಳಗೆ ನಡೆದು ಹೋಗುತ್ತಿದ್ದರು. ಮುಂದೆ ಮಣ್ಣು ತೆಗೆದು ಪುರಾತನ ಮೆಟ್ಟಿಲುಗಳನ್ನು ಹೊರಗೆಡಹಿದಾಗ ಅದೇ ಬಾಗಿಲು ಯಾರ ಕಾಲಿಗೂ ಎಟುಕದ ಎತ್ತರದಲ್ಲಿ ಉಳಿದುಹೋಯಿತು. ಇಂದಿಗೂ ಹತ್ತು ಕಂಬಗಳ ಹಿಂದೆ ಗೋಡೆಯ ನಡುಮಧ್ಯದಲ್ಲಿ ತೂಗಿದಂತೆ ಕಾಣುವ ಆ ಬಾಗಿಲು, 17ನೆಯ ಶತಮಾನದ ನೆಲ ಎಲ್ಲಿತ್ತೆಂಬುದಕ್ಕೆ ಸ್ಥಳದಲ್ಲೇ ಉಳಿದಿರುವ ಅಳತೆಯಾಗಿದೆ, ಕ್ಲೋದನ ಚಿತ್ರ ನಿಖರವಾದುದೆಂಬುದಕ್ಕೆ ಪುರಾವೆಯೂ ಆಗಿದೆ.

ಫೋರಂ ಅನ್ನು ಚಿತ್ರಿಸಿದವರಲ್ಲಿ ಕ್ಲೋದ್ ಮೊದಲಿಗನೇನಲ್ಲ. ಮಾರ್ಟೆನ್ ವಾನ್ ಹೇಮ್ಸ್‌ಕರ್ಕ್ 1530ರ ದಶಕದಲ್ಲೇ ಇಲ್ಲಿ ಕುಳಿತು ರೇಖಾಚಿತ್ರಗಳನ್ನು ಬರೆದಿದ್ದನು. ಎತಿಯೆನ್ ದ್ಯು ಪೆರಾಕ್ 1575ರಲ್ಲಿ ರೋಮಿನ ಅವಶೇಷಗಳ ಅಚ್ಚುಚಿತ್ರಗಳ ಸಂಪುಟವನ್ನೇ ಹೊರತಂದಿದ್ದನು. ಪೌಲ್ ಬ್ರಿಲ್, ಆಮೇಲೆ ಕಾರ್ನೆಲಿಸ್ ವಾನ್ ಪುಲೆನ್‌ಬುರ್ಖ್ ಇದೇ ಬಯಲನ್ನು ಬಣ್ಣದಲ್ಲಿ ತಂದರು. ಕ್ಲೋದನ ಆಪ್ತ ವಲಯದ ಡಚ್ ಚಿತ್ರಕಾರ ಹರ್ಮಾನ್ ವಾನ್ ಸ್ವಾನೆವೆಲ್ಟ್ 1631ರಲ್ಲಿ ರಚಿಸಿದ ‘ಕಾಂಪೊ ವಚ್ಚಿನೊ’ ಈಗ ಕೇಂಬ್ರಿಜ್ಜಿನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದಲ್ಲಿದ್ದು, ಅಲ್ಲಿ ಓರೆಯಾಗಿ ಬೀಳುವ ಬಿಸಿಲು, ಉದ್ದುದ್ದ ನೆರಳುಗಳು ಆಗಲೇ ಚಿತ್ರದ ಮುಖ್ಯ ವಿಷಯವಾಗಿ ಮಾರ್ಪಟ್ಟಿವೆ. ಉತ್ತರ ಯುರೋಪಿನಿಂದ ರೋಮಿಗೆ ಬಂದ ಈ ಕಲಾವಿದರು ಸ್ಪೇನ್ ಚೌಕದ ಆಸುಪಾಸಿನ ಬೀದಿಗಳಲ್ಲಿ ಒಟ್ಟೊಟ್ಟಾಗಿ ನೆಲೆಸಿ, ‘ಬೆಂಟ್‌ಫ್ಯೂಖೆಲ್ಸ್’ ಎಂಬ ತಮ್ಮದೇ ಕೂಟ ಕಟ್ಟಿಕೊಂಡಿದ್ದರು. ಊರಿನವರ ಕಣ್ಣಿಗೆ ತೀರಾ ಸಾಮಾನ್ಯವಾಗಿ ಹೋದದ್ದು ಈ ಪರಸ್ಥಳದವರ ಕಣ್ಣಿಗೆ ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ.

ಅವಶೇಷಗಳ ನಡುವಿನ ಮನುಷ್ಯರನ್ನು ಚಿತ್ರದ ಕೇಂದ್ರಕ್ಕೆ ತಂದ ಕೀರ್ತಿ ಪೀಟರ್ ವಾನ್ ಲಾರ್ ಎಂಬ ಡಚ್ ಕಲಾವಿದನಿಗೆ ಸಲ್ಲಬೇಕು. 1625ರ ಸುಮಾರಿಗೆ ರೋಮಿಗೆ ಬಂದ ಅವನಿಗೆ ಮೈಕಟ್ಟಿನ ವೈಕಲ್ಯದ ಕಾರಣದಿಂದ ‘ಬಂಬೋಚ್ಚೊ’, ಎಂದರೆ ಬೊಂಬೆ, ಎಂಬ ಅಡ್ಡಹೆಸರು ಅಂಟಿಕೊಂಡಿತು. ಅವನ ಹಾದಿ ತುಳಿದ ಯಾನ್ ಮೀಲ್, ಮಿಕೆಲಾಂಜೆಲೊ ಚೆರ್ಕ್ವೊಟ್ಸಿ, ಯೊಹಾನೆಸ್ ಲಿಂಗೆಲ್‌ಬಾಕ್ ಮೊದಲಾದವರು ಒಟ್ಟಾಗಿ ‘ಬಂಬೊಚ್ಚಾಂತಿ’ ಎನಿಸಿಕೊಂಡರು. ಸುಣ್ಣದ ಭಟ್ಟಿಯ ಮುಂದೆ ಜೂಜಾಡುವ ಕೂಲಿಗಳು, ಕುದುರೆಗೆ ಲಾಳ ಕಟ್ಟುವ ಕಮ್ಮಾರ, ರೊಟ್ಟಿ ಮಾರುವವರು, ಮುರಿದ ಕಮಾನಿನಡಿ ಬಟ್ಟೆ ಒಗೆಯುವ ಹೆಂಗಸರು, ಎಮ್ಮೆ ಮೇಕೆಗಳನ್ನು ಹೊಡೆದುಕೊಂಡು ಹೋಗುವವರು ಇವರ ಪಾತ್ರಗಳು. ಪಂಡಿತವಲಯ ಇದನ್ನು ಸಹಿಸಲಿಲ್ಲ. ಧರ್ಮಗ್ರಂಥ, ಪುರಾಣ, ಇತಿಹಾಸಗಳ ಕಥನವುಳ್ಳ ಚಿತ್ರ ಶ್ರೇಷ್ಠ, ಭೂದೃಶ್ಯವೂ ಬೀದಿಯ ಬದುಕೂ ಕೆಳದರ್ಜೆಯವು ಎಂಬ ಶ್ರೇಣಿ ಅಂದು ಕಲಾಚಿಂತನೆಯಲ್ಲಿ ಬೇರೂರಿತ್ತು. 1660ರ ದಶಕದಲ್ಲಿ ಫ್ರಾನ್ಸಿನ ಆಂದ್ರೆ ಫೆಲಿಬಿಯೆನ್ ಅದನ್ನು ಶಾಸ್ತ್ರರೂಪದಲ್ಲಿ ಬರೆದಿಟ್ಟನು. ಸಾಲ್ವಾತೋರ್ ರೋಸಾ ಎಂಬ ಚಿತ್ರಕಾರ ಕವಿಯಂತೂ, ಬದುಕಿನಲ್ಲಿ ಭಿಕ್ಷುಕನತ್ತ ತಿರುಗಿಯೂ ನೋಡದ ಧನಿಕರು ಭಿಕ್ಷುಕನ ಚಿತ್ರವನ್ನು ಮಾತ್ರ ಹಣ ಕೊಟ್ಟು ಅರಮನೆಯಲ್ಲಿ ತೂಗುಹಾಕುತ್ತಾರೆಂದು ತನ್ನ ವಿಡಂಬನ ಕಾವ್ಯದಲ್ಲಿ ಚುಚ್ಚಿದನು. ರೋಸಾನ ಮಾತಿನಲ್ಲಿ ಧನಿಕರ ಬಗ್ಗೆ ಸತ್ಯವಿದೆ. ಚಿತ್ರಗಳ ಬಗ್ಗೆ ಅದು ನ್ಯಾಯವಾದ ತೀರ್ಪಲ್ಲ. ದುಡಿಯುವವರನ್ನು ನಗೆಪಾಟಲು ಮಾಡದೆ, ಪವಾಡಪುರುಷರನ್ನಾಗಿಯೂ ಮಾಡದೆ, ಅವರ ಕೆಲಸದ ನಡುವೆ ಅವರನ್ನು ಗೌರವದಿಂದ ನೋಡಿದ ಚಿತ್ರಗಳು ಆ ಶತಮಾನದ ರೋಮಿನಲ್ಲಿ ಹೆಚ್ಚು ಇರಲಿಲ್ಲ.

ಕ್ಲೋದ್ ಈ ಗುಂಪಿಗೆ ಸೇರಿದವನಲ್ಲದಿದ್ದರೂ ಅವರ ನಡುವೆಯೇ ಬದುಕಿದವನು. ಲೊರೇನ್ ಪ್ರಾಂತ್ಯದ ಶಮಾನ್ಯ್ ಎಂಬ ಹಳ್ಳಿಯಲ್ಲಿ, 17ನೆಯ ಶತಮಾನದ ಆರಂಭದಲ್ಲಿ ಹುಟ್ಟಿದ ಈತ ಹುಡುಗನಾಗಿದ್ದಾಗಲೇ ರೋಮಿಗೆ ಬಂದನು. ಭಿತ್ತಿಚಿತ್ರಕಾರ ಅಗೊಸ್ಟಿನೊ ತಾಸ್ಸಿಯ ಮನೆಯಲ್ಲಿ ಊಳಿಗದ ಹುಡುಗನಾಗಿ ಸೇರಿ, ಅಲ್ಲೇ ಬಣ್ಣ ಅರೆಯುವುದನ್ನೂ ಪರ್ಸ್ಪೆಕ್ಟಿವ್ ಎನ್ನುವ ದೂರ ಸಾಮೀಪ್ಯಗಳ ರೇಖಾಗಣಿತವನ್ನೂ ಕಲಿತನೆಂದು ಹಳೆಯ ಜೀವನಚರಿತ್ರೆಗಳು ಹೇಳುತ್ತವೆ. 1625ರಲ್ಲಿ ತಾಯ್ನಾಡಿಗೆ ಹೋಗಿ, ನಾನ್ಸಿ ನಗರದಲ್ಲಿ ಕೆಲಕಾಲ ದುಡಿದು, 1627ರಲ್ಲಿ ರೋಮಿಗೆ ಮರಳಿದ ಮೇಲೆ 1682ರಲ್ಲಿ ಸಾಯುವವರೆಗೆ ಆ ನಗರವನ್ನು ಬಿಡಲಿಲ್ಲ. ಜೊತೆಗೆ ಹೊರಾಂಗಣಕ್ಕೆ ಹೋಗುತ್ತಿದ್ದ ಜರ್ಮನ್ ಕಲಾವಿದ ಯೊಆಖಿಂ ವಾನ್ ಸಾಂಡ್ರಾರ್ಟ್ ಬರೆದಿಟ್ಟಿರುವ ಪ್ರಕಾರ, ನಸುಕಿಗೆ ಮೊದಲೇ ಹೊಲ ಬಯಲುಗಳಿಗೆ ಹೋಗಿ ಬಿದ್ದುಕೊಂಡು, ಕತ್ತಲಾಗುವವರೆಗೂ ಆಕಾಶದ ಬಣ್ಣಗಳು ಮಾಗುವುದನ್ನು ನೋಡುತ್ತ, ಆ ಬಣ್ಣಗಳನ್ನು ಮನಸ್ಸಿನಲ್ಲೇ ಹದಮಾಡಿಕೊಂಡು ಮನೆಗೆ ಬಂದು ಚಿತ್ರಪಟಕ್ಕೆ ತರುವುದು ಅವನ ರೂಢಿಯಾಗಿತ್ತು.

ಆ ನೋಡುವಿಕೆಯ ಫಲ ‘ಕಾಂಪೊ ವಚ್ಚಿನೊ’ದಲ್ಲಿ ಎದ್ದು ಕಾಣುತ್ತದೆ. ಚಿತ್ರದ ಮುನ್ನೆಲೆಯ ಒಂದು ಪಟ್ಟಿಯನ್ನೂ ಅಂಚಿನ ಒಂದು ದೊಡ್ಡ ಆಕಾರವನ್ನೂ ನೆರಳಿನಲ್ಲಿಟ್ಟು, ಅದರಾಚೆಗಿನ ಬಯಲನ್ನು ಬೆಳಕಿಗೆ ಒಡ್ಡುವ ತಂತ್ರಕ್ಕೆ ಫ್ರೆಂಚರು ‘ರೆಪುಸ್ವಾರ್’ ಎನ್ನುತ್ತಾರೆ. ಹತ್ತಿರದ ಕಪ್ಪು ಕಣ್ಣನ್ನು ತಡೆದು ಹಿಂದಕ್ಕೆ ತಳ್ಳುವುದರಿಂದ ದೂರ ಇನ್ನಷ್ಟು ದೂರವಾಗಿ ತೋರುತ್ತದೆ. ಈ ತಂತ್ರ ಕ್ಲೋದನಿಗಿಂತ ಹಳೆಯದು. ಅವನು ಅದಕ್ಕೆ ಕೂಡಿಸಿದ್ದು ಗಾಳಿಯನ್ನು. ಹತ್ತಿರದ ಕಲ್ಲಿಗೆ ಕಂದು, ನಡುವಿನ ಕಲ್ಲಿಗೆ ಹೊನ್ನಿನ ಛಾಯೆ, ಕೊಲೊಸಿಯಂಗೆ ನೀಲಿಬೂದು, ಹೀಗೆ ಬಣ್ಣ ಹಂತಹಂತವಾಗಿ ತೆಳುವಾಗುತ್ತ ಹೋಗುವಾಗ ಕಟ್ಟಡಗಳ ನಡುವೆ ಧೂಳು ತುಂಬಿದ, ತುಸು ತೇವದ ರೋಮಿನ ಹವೆ ಇದೆಯೆಂಬ ಅನುಭವವಾಗುತ್ತದೆ. ಅದರ ಪರಿಣಾಮ ಸೂಕ್ಷ್ಮವಾದುದು: ಒಂದೇ ಬೆಳಕು ದನದ ಬೆನ್ನನ್ನೂ ಚಕ್ರವರ್ತಿಯ ಕಮಾನನ್ನೂ ಸಮನಾಗಿ ಮುಟ್ಟುವುದರಿಂದ ಅವೆರಡರ ನಡುವೆ ಮೇಲುಕೀಳೆಂಬುದು ಉಳಿಯುವುದಿಲ್ಲ. ಮನುಷ್ಯಾಕೃತಿಗಳನ್ನು ಬರೆಯುವುದರಲ್ಲಿ ಕ್ಲೋದ್ ನಿಪುಣನಲ್ಲವೆಂದು ಅವನ ಕಾಲದವರೇ ಆಡಿಕೊಳ್ಳುತ್ತಿದ್ದರು. ತಾನು ಭೂದೃಶ್ಯವನ್ನು ಮಾರುತ್ತೇನೆ, ಮನುಷ್ಯರನ್ನು ಬಿಟ್ಟಿಯಾಗಿ ಕೊಡುತ್ತೇನೆ ಎಂದು ಅವನೇ ಹೇಳುತ್ತಿದ್ದನಂತೆ. ಆದರೆ ಈ ಚಿತ್ರದಿಂದ ಆ ಪುಟ್ಟ ಆಕೃತಿಗಳನ್ನು ಮನಸ್ಸಿನಲ್ಲೇ ಅಳಿಸಿ ನೋಡಿದರೆ ಅವುಗಳ ಬೆಲೆ ತಿಳಿಯುತ್ತದೆ: ಕಂಬಗಳ ಎತ್ತರಕ್ಕೆ ಅಳತೆ ಸಿಗುವುದಿಲ್ಲ, ಬಯಲಿಗೆ ಸದ್ದಿರುವುದಿಲ್ಲ, ಉಳಿಯುವುದು ಒಂದು ಸ್ಮಶಾನ.

ಚಿತ್ರವನ್ನು ಬರೆಸಿಕೊಂಡವನು ರೋಮಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಫಿಲಿಪ್ ದ ಬೆತ್ಯೂನ್. ದೊರೆ ನಾಲ್ಕನೆಯ ಹೆನ್ರಿಯ ಪ್ರಖ್ಯಾತ ಮಂತ್ರಿ ಸ್ಯುಲಿಯ ತಮ್ಮನಾದ ಇವನು, 1603ರಲ್ಲಿ ಮಾನಹಾನಿಯ ಮೊಕದ್ದಮೆಯೊಂದರಲ್ಲಿ ಸೆರೆಯಾಗಿದ್ದ ಕಾರಾವಾಜ್ಜೊನ ಬಿಡುಗಡೆಗೆ ನೆರವಾದ ರಸಿಕ. ಅವನಿಗಾಗಿ ಕ್ಲೋದ್ ಜೋಡಿಚಿತ್ರಗಳನ್ನು ಮಾಡಿಕೊಟ್ಟನು. ಜೋಡಿಯ ಇನ್ನೊಂದು ಚಿತ್ರವೂ ಲೂವ್ರ್‌ನಲ್ಲೇ ಇದ್ದು, ಅದರಲ್ಲೊಂದು ಬಂದರು ಕಾಣುತ್ತದೆ. ಹಡಗುಗಳೂ ಹಮಾಲರೂ ಇರುವ ಆ ದಡದ ಮೇಲೆ ಚಿತ್ರಕಾರ ರೋಮಿನ ಕ್ಯಾಪಿಟೊಲೈನ್ ಬೆಟ್ಟದ ಅರಮನೆಯನ್ನು ಕಿತ್ತು ತಂದು ನಿಲ್ಲಿಸಿದ್ದಾನೆ. ರೋಮಿನಲ್ಲಿ ಅಂಥ ಸಮುದ್ರತೀರವಿಲ್ಲ. ನಿಜವಾದ ಕಟ್ಟಡಗಳನ್ನು ಕಲ್ಪನೆಯ ಜಾಗದಲ್ಲಿ ಸ್ವಚ್ಛಂದವಾಗಿ ಜೋಡಿಸುವ ಇಂಥ ರಚನೆಗೆ ‘ಕಪ್ರೀಚೊ’ ಎಂದೂ, ಇದ್ದ ಜಾಗವನ್ನು ಇದ್ದಂತೆ ಗುರುತಿಸಬಲ್ಲ ಚಿತ್ರಕ್ಕೆ ‘ವೆದೂತಾ’ ಎಂದೂ ಇಟಲಿಯಲ್ಲಿ ಹೆಸರು. ಬೆತ್ಯೂನ್ ತನ್ನ ಗೋಡೆಯ ಮೇಲೆ ಎರಡನ್ನೂ ಅಕ್ಕಪಕ್ಕದಲ್ಲಿ ಪಡೆದನು: ಒಂದರಲ್ಲಿ ಕ್ಯಾಪಿಟೊಲೈನ್‌ನ ಬುಡದಲ್ಲಿ ನಿಂತು ನೋಡಿದ ಸತ್ಯ, ಇನ್ನೊಂದರಲ್ಲಿ ಅದೇ ಕ್ಯಾಪಿಟೊಲೈನ್‌ನ ಕನಸು. ತನ್ನ ಕೃತಿಗಳ ನಕಲುಗಳು ಹುಟ್ಟಿಕೊಳ್ಳುತ್ತಿದ್ದುದರಿಂದ ಕ್ಲೋದ್ 1635ರ ಸುಮಾರಿನಿಂದ ಪ್ರತಿ ಚಿತ್ರದ ಪ್ರತಿರೂಪವನ್ನೂ ಒಂದು ಪುಸ್ತಕದಲ್ಲಿ ಬರೆದಿಡತೊಡಗಿದನು. ‘ಲಿಬೆರ್ ವೆರಿಟಾಟಿಸ್’, ಎಂದರೆ ಸತ್ಯದ ಪುಸ್ತಕ, ಎಂದು ಹೆಸರಾಗಿ ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಆ ಸಂಗ್ರಹದಲ್ಲಿ ‘ಕಾಂಪೊ ವಚ್ಚಿನೊ’ ಹತ್ತನೆಯದು. 1636ರಲ್ಲಿ ಇದೇ ವಸ್ತುವಿನ ಎಚ್ಚಿಂಗ್ ಅಚ್ಚುಚಿತ್ರವನ್ನೂ ಅವನು ಮಾಡಿದನು.

ಚಿತ್ರದ ಈ ಪ್ರಶಾಂತಿಯನ್ನು ಭೂತಕಾಲದ ಹಂಬಲವೆಂದು ಓದುವ ಅಭ್ಯಾಸ 18ನೆಯ ಶತಮಾನದ ನಂತರದ್ದು. 1636ರಲ್ಲಿ ಅವಶೇಷ ಇನ್ನೂ ಬಳಕೆಯ ಸರಕಾಗಿತ್ತು. ಮ್ಯಾಕ್ಸೆಂಟಿಯಸ್ಸನ ಸಭಾಮಂದಿರದಲ್ಲಿ ಉಳಿದಿದ್ದ ಕಡೆಯ ಅಮೃತಶಿಲೆಯ ಕಂಬವನ್ನು 1614ರಲ್ಲಿ ಪೋಪ್ ಐದನೆಯ ಪೌಲ್ ಸಾಂತಾ ಮರಿಯಾ ಮಜೋರೆ ಚರ್ಚಿನ ಎದುರಿಗೆ ಸಾಗಿಸಿ, ತುದಿಯಲ್ಲಿ ಮೇರಿಯ ಪ್ರತಿಮೆಯಿಟ್ಟು ನಿಲ್ಲಿಸಿದನು. 1625ರಲ್ಲಿ ಎಂಟನೆಯ ಅರ್ಬನ್ ಪಾಂಥಿಯನ್ ಮುಖಮಂಟಪದ ಕಂಚಿನ ತೊಲೆಗಳನ್ನು ಕಳಚಿಸಿ ಫಿರಂಗಿ ಎರಕ ಹೊಯ್ಯಿಸಿದನು. ಕ್ಲೋದ್ ಕಂಡ ಫೋರಂ ಹೀಗೆ ಇನ್ನೂ ಕರಗುತ್ತಲೇ ಇತ್ತು. ಅದರ ಮುಂದೆ ಅವನು ಕಣ್ಣೀರಿಡದೆ, ಹೊತ್ತು ಇಳಿಯುವವರೆಗೆ ದನ ಮೇಯುತ್ತವೆ, ಜನ ಮಾತಾಡುತ್ತಾರೆ ಎಂಬಷ್ಟನ್ನು ಮಾತ್ರ ದಾಖಲಿಸಿದ್ದರಲ್ಲಿ ಒಂದು ದೊಡ್ಡ ಸಂಯಮವಿದೆ.

ಪಾಳುಬಿದ್ದ ರಾಜಧಾನಿಯಲ್ಲಿ ರೈತರ ಬದುಕು ಮುಂದುವರಿಯುವುದನ್ನು ಗಮನಿಸುವ ಕಣ್ಣು ಆ ದಶಕಗಳ ರೋಮಿನಲ್ಲಿ ಕಲಾವಿದರಿಗೆ ಮಾತ್ರ ಸೀಮಿತವಾಗಿರಲಿಲ್ಲ ಎಂಬುದಕ್ಕೆ ಕನ್ನಡ ನಾಡಿನದೇ ಒಂದು ಸಾಕ್ಷಿಯಿದೆ. ರೋಮಿನ ಕುಲೀನ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ಹೊರಟು ತುರ್ಕಿ, ಪರ್ಷಿಯಾಗಳನ್ನು ಸುತ್ತಿ, 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಬ್ಬನ ಜೊತೆ ಹೊನ್ನಾವರದ ಮಾರ್ಗವಾಗಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದನು. ದಾರಿಯಲ್ಲಿ ಸಿಕ್ಕಿದ ಗೇರುಸೊಪ್ಪೆ, ಒಂದು ಕಾಲಕ್ಕೆ ಮೆಣಸಿನ ವ್ಯಾಪಾರದಿಂದ ಹೆಸರಾಗಿದ್ದ ರಾಣಿಯ ರಾಜಧಾನಿ. ಅವನು ಬರುವ ಹೊತ್ತಿಗೆ ಅರಮನೆ, ಪೇಟೆಗಳು ಹಾಳಾಗಿ, ಮರಗಳು ಬೆಳೆದು ಮುಚ್ಚಿ, ರೈತರ ಕೆಲವು ಗುಡಿಸಲುಗಳಷ್ಟೇ ಉಳಿದಿದ್ದುದನ್ನು ಅವನು ತನ್ನ ಪತ್ರದಲ್ಲಿ ಬರೆದಿದ್ದಾನೆ. ಘಟ್ಟ ಹತ್ತಿದ ಮೇಲೆ ಗುಡಿಯೊಂದರ ಮುಂಚಾವಡಿಯಲ್ಲಿ ಹುಡುಗರು ನೆಲದ ಮೇಲೆ ನುಣ್ಣನೆಯ ಮರಳು ಹರಡಿ, ಬೆರಳಿನಿಂದ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಳ್ಳುತ್ತಿದ್ದುದನ್ನು ಅವನು ನಿಂತು ನೋಡಿ, ಕುತೂಹಲದಿಂದ ವಿಚಾರಿಸಿದನು. ದೇವಾಲಯದ ಕಂಬಗಳನ್ನೂ ಅದರ ಜಗಲಿಯಲ್ಲಿ ಕುಳಿತವರನ್ನೂ ಒಟ್ಟಿಗೆ ಗಮನಿಸುವ ಈ ನೋಟ, ಕ್ಲೋದನ ಮತ್ತು ಬಂಬೊಚ್ಚಾಂತಿಗಳ ನೋಟಕ್ಕೆ ಬಹಳ ಹತ್ತಿರದ್ದು. 1626ರಲ್ಲಿ ರೋಮಿಗೆ ಮರಳಿದ ದೆಲ್ಲಾ ವಾಲ್ಲೆ, ಪರ್ಷಿಯಾದಲ್ಲಿ ತೀರಿಕೊಂಡಿದ್ದ ಹೆಂಡತಿ ಮಾಆನಿಯ, ಕನ್ನಡ ಕರಾವಳಿಯ ಪ್ರಯಾಣದ ಕಾಲದಲ್ಲಿಯೂ ತಾನು ಕಾಪಿಟ್ಟುಕೊಂಡಿದ್ದ ದೇಹವನ್ನು ಅರಾಚೇಲಿ ಚರ್ಚಿನಲ್ಲಿ ಸಮಾಧಿ ಮಾಡಿಸಿದನು. ಆ ಚರ್ಚು ಇರುವುದು ಕ್ಯಾಪಿಟೊಲೈನ್ ಬೆಟ್ಟದ ಮೇಲೆ, ಕ್ಲೋದನ ಚಿತ್ರದ ನೋಟ ಎಲ್ಲಿಂದ ಹೊರಡುತ್ತದೆಯೋ ಅದರ ಬೆನ್ನಿಗೇ. ಗೇರುಸೊಪ್ಪೆಯನ್ನು ಕಂಡ ಮನುಷ್ಯ ರೋಮಿಗೆ ಮರಳಿದ ನಂತರದ ವರ್ಷಗಳಲ್ಲೇ ಈ ಚಿತ್ರ ಸಿದ್ಧವಾಯಿತು.

ಕ್ಲೋದನ ಮುಂದಿನ ಚಿತ್ರಗಳು ಬಹುಮಟ್ಟಿಗೆ ಬೇರೆ ದಾರಿ ಹಿಡಿದವು. ಬೇಡಿಕೆ ಬೆಳೆದು, ಪೋಪ್ ಎಂಟನೆಯ ಅರ್ಬನ್, ಸ್ಪೇನಿನ ದೊರೆ ನಾಲ್ಕನೆಯ ಫಿಲಿಪ್ ಗ್ರಾಹಕರಾದಂತೆ, ದನದ ಸಂತೆಯ ಜಾಗಕ್ಕೆ ಪುರಾಣದ ಗೊಲ್ಲರೂ ಅಪ್ಸರೆಯರೂ ಬಂದರು. ಗುರುತಿಸಬಹುದಾದ ಕಟ್ಟಡಗಳ ಬದಲು ಕಲ್ಪನೆಯ ದೇವಾಲಯಗಳು ಎದ್ದವು. ಆ ಆದರ್ಶ ಭೂದೃಶ್ಯಗಳೇ ಅವನಿಗೆ ಕೀರ್ತಿ ತಂದವು, ಇಂಗ್ಲೆಂಡಿನ ಶ್ರೀಮಂತರು ಅವನ್ನು ನೋಡಿ ತಮ್ಮ ಉದ್ಯಾನಗಳನ್ನೇ ತಿದ್ದಿಸಿಕೊಂಡರು, 1777ರಲ್ಲಿ ರಿಚರ್ಡ್ ಅರ್ಲಂ ‘ಲಿಬೆರ್ ವೆರಿಟಾಟಿಸ್’ನ ಅಚ್ಚುಚಿತ್ರಗಳನ್ನು ಹೊರತಂದ ಮೇಲೆ ಆ ಅಭಿರುಚಿ ಮತ್ತಷ್ಟು ಹರಡಿತು. ನೆರಳಿನ ಮುನ್ನೆಲೆ, ಅಂಚಿಗೊಂದು ಮರ ಅಥವಾ ಮುರಿದ ಗೋಡೆ, ನಡುವೆ ಸ್ಥಳೀಯ ಜನ ಮತ್ತು ದನ, ಹಿಂದೆ ಬೆಳಕಿನ ದೂರ ಎಂಬ ಚೌಕಟ್ಟು ‘ಪಿಕ್ಚರೆಸ್ಕ್’ ಎಂಬ ಹೆಸರಿನಲ್ಲಿ ಬ್ರಿಟಿಷ್ ಚಿತ್ರಕಾರರ ಜೊತೆ ಭಾರತಕ್ಕೂ ಬಂತು. ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದೊಡನೆ ಬಂದ ರಾಬರ್ಟ್ ಹೋಂ ಬರೆದು 1794ರಲ್ಲಿ ಪ್ರಕಟಿಸಿದ ಮೈಸೂರು ಸೀಮೆಯ ಚಿತ್ರಸಂಪುಟದಲ್ಲಿ ಬೆಂಗಳೂರು ಕೋಟೆ, ಸಾವನದುರ್ಗಗಳು ಈ ಚೌಕಟ್ಟಿನೊಳಗೇ ಕುಳಿತಿವೆ. ಅಲ್ಲಿ ಅದು ಗೆದ್ದವರ ಕಣ್ಣಿನ ಚೌಕಟ್ಟಾಗಿತ್ತೆಂಬುದನ್ನು ಮರೆಯುವಂತಿಲ್ಲ. ರೋಮಿನಲ್ಲಿ ಹೊಟ್ಟೆಪಾಡಿಗಾಗಿ ನೆಲೆಸಿದ ಒಬ್ಬ ವಲಸೆಗಾರ ರೂಪಿಸಿದ ನೋಟಕ್ಕೂ, ಸೈನ್ಯದ ಬೆನ್ನಿಗೆ ಬಂದ ಚಿತ್ರಕಾರನ ನೋಟಕ್ಕೂ ರಚನೆಯಲ್ಲಿ ಹೋಲಿಕೆಯಿದ್ದರೂ ನಿಲುವಿನಲ್ಲಿ ಅಂತರವಿದೆ.

ದನದ ಬಯಲು ಮಾತ್ರ 19ನೆಯ ಶತಮಾನದಲ್ಲಿ ತುಂಡುತುಂಡಾಗಿ ಮರೆಯಾಯಿತು. 1803ರಲ್ಲಿ ಕಾರ್ಲೊ ಫೆಯಾನ ನೇತೃತ್ವದಲ್ಲಿ ಸೆಪ್ಟಿಮಿಯಸ್ ಸೆವೆರಸ್ ಕಮಾನಿನ ಸುತ್ತ ಉತ್ಖನನ ಆರಂಭವಾಯಿತು. ನೆಪೋಲಿಯನ್ನನ ಆಡಳಿತ ಅದನ್ನು ವಿಸ್ತರಿಸಿತು. 1813ರಲ್ಲಿ ಹೆಸರಿಲ್ಲದೆ ನಿಂತಿದ್ದ ಒಂಟಿ ಕಂಬದ ಬುಡದಲ್ಲಿ ಶಾಸನ ಸಿಕ್ಕಿ, ಅದು ಕ್ರಿ.ಶ. 608ರಲ್ಲಿ ಫೋಕಸ್ ಚಕ್ರವರ್ತಿಗೆ ಅರ್ಪಿತವಾದುದೆಂದು ಗೊತ್ತಾಯಿತು. ದನಗಳು ನೀರು ಕುಡಿಯುತ್ತಿದ್ದ ಗ್ರಾನೈಟ್ ಬೋಗುಣಿಯನ್ನು 1818ರಲ್ಲಿ ಕ್ವಿರಿನಾಲೆ ಬೆಟ್ಟಕ್ಕೆ ಸಾಗಿಸಿ ಅರಮನೆಯೆದುರಿನ ಕಾರಂಜಿಗೆ ಜೋಡಿಸಿದರು. ಅದು ಇಂದಿಗೂ ಅಲ್ಲಿದೆ. 1839ರಲ್ಲಿ ಟರ್ನರ್ ‘ಆಧುನಿಕ ರೋಮ್: ಕಾಂಪೊ ವಚ್ಚಿನೊ’ ಎಂಬ ಚಿತ್ರವನ್ನು ರಚಿಸಿದಾಗ, ಕ್ಲೋದನನ್ನು ಜೀವಮಾನವೆಲ್ಲ ಗುರುವೆಂದು ಭಾವಿಸಿದ್ದ ಅವನು ಮೇಕೆಗಳನ್ನೂ ಮೇಯಿಸುವವರನ್ನೂ ಮುನ್ನೆಲೆಗೆ ತಂದು, ಆಗಲೇ ಅಗೆತ ಆರಂಭವಾಗಿದ್ದ ಬಯಲನ್ನು ಬೆಳಕಿನಲ್ಲಿ ಮುಳುಗಿಸಿದನು. 1870ರ ನಂತರ ಹೊಸ ಇಟಲಿ ರಾಷ್ಟ್ರ ಇಡೀ ಕಣಿವೆಯನ್ನು ತೆರೆಯಿತು. 1898ರಿಂದ ಕೆಲಸ ವಹಿಸಿಕೊಂಡ ಜಾಕೊಮೊ ಬೋನಿ ಪದರ ಪದರವಾಗಿ ಅಗೆಯುವ ಶಾಸ್ತ್ರೀಯ ವಿಧಾನವನ್ನು ಅಳವಡಿಸಿ, ಮರುವರ್ಷವೇ ನಗರದ ಅತಿಪ್ರಾಚೀನ ಶಾಸನಗಳಲ್ಲೊಂದಿದ್ದ ಕಪ್ಪುಕಲ್ಲಿನ ನೆಲೆಯನ್ನು ಹೊರತೆಗೆದನು, 1900ರಲ್ಲಿ ಸಾಂತಾ ಮರಿಯಾ ಲಿಬೆರಾತ್ರಿಚೆ ಚರ್ಚನ್ನು ಕೆಡವಿ ಅದರಡಿಯಲ್ಲಿದ್ದ ಇನ್ನೂ ಹಳೆಯ ಚರ್ಚಿನ ಅಮೂಲ್ಯ ಭಿತ್ತಿಚಿತ್ರಗಳನ್ನು ಬೆಳಕಿಗೆ ತಂದನು.

ಈ ಉತ್ಖನನಗಳಿಲ್ಲದೆ ರೋಮಿನ ಚರಿತ್ರೆ ಇಂದು ತಿಳಿದಿರುವಷ್ಟು ತಿಳಿಯುತ್ತಿರಲಿಲ್ಲ. ಅವುಗಳ ಬೆಲೆಯನ್ನು ಯಾರೂ ಕಡಿಮೆ ಮಾಡಲಾಗದು. ಆದರೆ ಎರಡನೆಯ ಶತಮಾನದ ನೆಲವನ್ನು ತಲುಪಲು ಹದಿನೇಳನೆಯ ಶತಮಾನದ ನೆಲವನ್ನು ಕಿತ್ತು ಸಾಗಿಸಲೇಬೇಕಾಗಿತ್ತು, ಹಾಗೆ ಸಾಗಿಸಿದ ಮಣ್ಣಿನಲ್ಲಿ ಸಾವಿರ ವರ್ಷಗಳ ಸಾಮಾನ್ಯ ಜನರ ನಡೆದಾಟವಿತ್ತು. ಚಕ್ರವರ್ತಿಗಳ ಪದರಕ್ಕೆ ಶಾಸನಗಳೂ ಪಾಯಗಳೂ ಉಳಿದವು. ದನ ಕಾಯುವವರ ಪದರಕ್ಕೆ ಉಳಿದಿರುವುದು ಹೇಮ್ಸ್‌ಕರ್ಕ್‌ನಿಂದ ಟರ್ನರ್‌ವರೆಗಿನ ಚಿತ್ರಗಳು, ಅಚ್ಚುಗಳು, ಪ್ರವಾಸಿಗಳ ಪತ್ರಗಳು. ಮಧ್ಯಯುಗೋತ್ತರ ರೋಮಿನ ಕಟ್ಟಡ ಚರಿತ್ರೆಯನ್ನು ಬರೆಯುವವರು ಇಂದು ಕೆಡವಿದ ಮನೆಯೊಂದರ ಗೋಡೆ ಎಲ್ಲಿತ್ತು, ಕಮಾನಿನ ಎಷ್ಟು ಭಾಗ ಮಣ್ಣಿನಲ್ಲಿತ್ತು ಎಂಬುದನ್ನು ಗೊತ್ತುಮಾಡಲು ಈ ಚಿತ್ರಗಳ ಕಡೆಗೇ ತಿರುಗುತ್ತಾರೆ, ಕಪ್ರೀಚೊ ಯಾವುದು, ವೆದೂತಾ ಯಾವುದು ಎಂಬುದನ್ನು ಬೇರ್ಪಡಿಸಿಕೊಂಡು ಒಂದೊಂದು ಗೆರೆಯನ್ನೂ ತೂಗಿ ನೋಡುತ್ತಾರೆ. ಆ ಪರೀಕ್ಷೆಯಲ್ಲಿ ಕ್ಲೋದನ ‘ಕಾಂಪೊ ವಚ್ಚಿನೊ’ ನೆಚ್ಚಬಹುದಾದ ಸಾಕ್ಷಿಗಳ ಸಾಲಿನಲ್ಲಿ ನಿಲ್ಲುತ್ತದೆ.